ಹಸುವಿನ ಹಿಂದಿನ ಹಸಿರು

ಜೂನ್ ೯

ಮಾವ,

ಕ್ಷೇಮ ಸಮಾಚಾರ ಎಲ್ಲ ಆಮೇಲೆ, ಮೊದಲು ಕೆಲಸದ ಮಾತು. ನಿಮ್ಮ ಕುಂಚ ಒಣಗಿ ಹೋಗಿದೆಯೋ, ಇನ್ನೂ ಜೀವ ಇದೆಯೋ?

ಶಾಲೆಯಲ್ಲಿ ಈ ವರ್ಷ ಚಿಕ್ಕವರ ಕೋಣೆ ನನ್ನ ಪಾಲಿಗೆ ಬಂದಿದೆ. ಎಲ್ಲರೂ ಮೂರು, ಮೂರೂವರೆ ವರ್ಷದವರು. ಒಬ್ಬನ ಮೂಗು ಒರೆಸುವಷ್ಟರಲ್ಲಿ ಇನ್ನೊಬ್ಬಳ ಬೂಟು ಕಳಚಿ ನೀರಿನ ಬಕೆಟ್ಟಿನಲ್ಲಿ ತೇಲುತ್ತಿರುತ್ತದೆ. ಇವರಿಗೆ ನಾನು ಕಲಿಸಬೇಕಾದ ದೊಡ್ಡ ವಿದ್ಯೆ ಒಂದೇ: ಚಿತ್ರ ನೋಡಿ ಗುಂಪು ಮಾಡುವುದು. ನೆಲದ ಮೇಲೆ ನಾಲ್ಕು ಬುಟ್ಟಿ. ಒಂದು ಪ್ರಾಣಿಗಳಿಗೆ, ಒಂದು ಗಾಡಿಗಳಿಗೆ, ಒಂದು ತಿನ್ನುವ ಪದಾರ್ಥಕ್ಕೆ, ಒಂದು ಉಡುವ ತೊಡುವ ವಸ್ತುಗಳಿಗೆ. ಮಗು ಒಂದು ಕಾರ್ಡು ಎತ್ತಿ, ಚಿತ್ರ ನೋಡಿ, ಸರಿಯಾದ ಬುಟ್ಟಿಗೆ ಹಾಕಬೇಕು. ಕೇಳಲಿಕ್ಕೆ ಸುಲಭ. ಆದರೆ ಹಸುವಿಗೂ ಇರುವೆಗೂ ಏನು ನಂಟು? ಒಂದಕ್ಕೆ ಕೊಂಬು, ಇನ್ನೊಂದು ಕಣ್ಣಿಗೇ ಬೀಳುವುದಿಲ್ಲ. ಆದರೂ ಎರಡೂ ಒಂದೇ ಬುಟ್ಟಿಗೆ ಯಾಕೆ ಅಂತ ಆ ಪುಟ್ಟ ತಲೆಗೆ ಹೊಳೆಯಬೇಕಾದರೆ ನನ್ನ ಗಂಟಲು ಬಿದ್ದು ಹೋಗುತ್ತದೆ.

ಕಷ್ಟ ಏನೆಂದರೆ, ಇರುವ ಕಾರ್ಡುಗಳೆಲ್ಲ ಸವೆದಿವೆ. ಹಸುವಿನ ಮುಖವನ್ನು ಯಾರೋ ಅಗಿದಿದ್ದಾರೆ. ಬಸ್ಸಿಗೆ ಚಕ್ರ ಉಳಿದಿಲ್ಲ. ಮೊನ್ನೆ ಪಟಾಕಿ ಆ ಬಸ್ಸನ್ನು ಎತ್ತಿ ಹಿಡಿದು, "ಮಿಸ್, ಬ್ರೆಡ್ಡು!" ಅಂದ. ಅವನನ್ನು ತಿದ್ದಲು ಹೋದೆ. ನೋಡಿದರೆ ಬ್ರೆಡ್ಡೇ.

ಪಟಾಕಿ ಅಂದರೆ ನನ್ನ ಕೋಣೆಯ ಅವಳಿ ಮಕ್ಕಳಲ್ಲಿ ಗಂಡು. ಅವನು ಸುಮ್ಮನಿದ್ದರೆ ಹಣೆ ಮುಟ್ಟಿ ಜ್ವರ ನೋಡಬೇಕು, ಅಂಥವನು. ಅವನ ಜೊತೆ ಹುಟ್ಟಿದವಳಿಗೆ ನಾವಿಟ್ಟ ಹೆಸರು ಗಪ್‌ಚಿಪ್. ಬಾಯಿಬಿಟ್ಟಳು ಅಂದರೆ ಆಯಾ ಓಡಿ ಬಂದು ನನಗೆ ಸುದ್ದಿ ಹೇಳುತ್ತಾಳೆ. ಅಪ್ಪ ಬಸ್ ಡ್ರೈವರು. ಬೆಳಿಗ್ಗೆ ಇಬ್ಬರನ್ನೂ ಒಂದೊಂದು ಕಂಕುಳಲ್ಲಿ ಇರುಕಿಕೊಂಡು ಬಂದು, ಬಾಗಿಲಲ್ಲಿ ಇಳಿಸಿ, ಬಾಯಲ್ಲೇ ಹಾರ್ನು ಹೊಡೆದು ಹೋಗುತ್ತಾನೆ.

ಮಾವ, ನಾಟಕದ ಪರದೆ ಬರೆದ ಕೈ ನಿಮ್ಮದು. ಅಂಗೈಯಗಲದ ಕಾರ್ಡು ಬರೆದುಕೊಡಿ. ಅಂಗೈಯಗಲ ಅಂದೆ, ನೆನಪಿರಲಿ. ಗೋಡೆಯಗಲ ಅಲ್ಲ.

ನಿಮ್ಮ ಅಕ್ಕನ ಮಗಳು


ಜೂನ್ ೨೧

ಎಲೈ ಅಕ್ಕನ ಮಗಳೇ, ಚಿಳ್ಳೆಪಿಳ್ಳೆಗಳ ಚಕ್ರವರ್ತಿನಿಯೇ!

ಕುಂಚ ಒಣಗಿದೆಯಾ ಎಂದು ಕೇಳಿದೆ! ಯಾರನ್ನು ಕೇಳಿದೆ? ಮಧ್ಯಾಹ್ನ ಅರಮನೆ ಕಟ್ಟಿ, ಸಂಜೆಯ ಆಟದಲ್ಲಿ ಅದಕ್ಕೆ ಬೆಂಕಿ ಹಚ್ಚಿ, ಮಾರನೆಯ ದಿನ ಮತ್ತೆ ಕಟ್ಟಿದವನನ್ನು! ನಿನ್ನ ಪತ್ರ ಓದಿದ ಕೂಡಲೇ ಎದ್ದೆ. ಎಷ್ಟು ರಭಸದಿಂದ ಎದ್ದೆ ಅಂದರೆ ಕಾಫಿ ಲೋಟ ಉರುಳಿ, ಕೆಳಗಿನ ಮನೆಯೊಡತಿ "ಏನ್ರೀ ಅದು ಬಿದ್ದಿದ್ದು?" ಎಂದು ಕೂಗಿದಳು. "ಬಿದ್ದಿದ್ದಲ್ಲಮ್ಮಾ, ಎದ್ದಿದ್ದು! ಕಲಾವಿದ ಎದ್ದ!" ಎಂದೆ. "ಎದ್ದವರು ಕೆಳಗೆ ಬಂದು ನೆಲ ಒರೆಸಿ, ನಮ್ಮ ತಾರಸಿ ಸೋರ್ತಿದೆ" ಎಂದಳು. ರಸಿಕರ ಕಾಲ ಮುಗಿಯಿತು ಮಗಳೇ.

ಇಗೋ, ಮೊದಲ ಕಟ್ಟು! ಹಸು, ಕುದುರೆ, ನಾಯಿ, ಇರುವೆ. ಬಸ್ಸು, ರೈಲು, ದೋಣಿ, ಸೈಕಲ್ಲು. ಬಾಳೆಹಣ್ಣು, ಮೊಟ್ಟೆ, ಬ್ರೆಡ್ಡು. ಟೋಪಿ, ಅಂಗಿ, ಶೂ. ಅಂಗೈಯಗಲವೇ, ಆದರೆ ರಂಗಕ್ಕೆ ತಕ್ಕ ಠೀವಿ ಬಿಟ್ಟಿಲ್ಲ. ನನ್ನ ಕುದುರೆ ನೋಡು, ಹಲ್ಲು ನೋಡು! ಮನೆಯೊಡತಿ ಮೆಟ್ಟಿಲಲ್ಲಿ ನಿಂತು ನೋಡಿ, "ಇದೇನು ಕುದುರೆಯೋ, ನಮ್ಮ ನಾದಿನಿಯೋ?" ಎಂದಳು. ಬಹಳ ಹೊತ್ತು ನಿಂತು ನೋಡಿದಳು ಅನ್ನುವುದನ್ನೂ ಬರೆಯುತ್ತೇನೆ.

ಇನ್ನು ನನ್ನ ಕೈಚಳಕದ ಗುಟ್ಟು ಕೇಳು. ಪಾತ್ರ ಬರಿಗಾಲಲ್ಲಿ ರಂಗಕ್ಕೆ ಬಂದೀತು, ಹಿಂದೆ ಪರದೆಯಿಲ್ಲದೆ ಬರಬಹುದೇ? ಪರದೆ ಇಳಿದ ಕ್ಷಣ, ಪಾತ್ರ ಬಾಯಿ ತೆರೆಯುವ ಮೊದಲೇ, ಕೊನೆಯ ಬೆಂಚಿನವನಿಗೂ ಇದು ಕಾಡು, ಇದು ಬೀದಿ ಅಂತ ಗೊತ್ತಾಗಿಬಿಡಬೇಕು. ಹಾಗಾಗಿ ನಿನ್ನ ನಾಲ್ಕು ಬುಟ್ಟಿಗೆ ನಾಲ್ಕು ಪರದೆ! ಪ್ರಾಣಿಗಳೆಲ್ಲ ಹಸಿರು ಪರದೆಯ ಮುಂದೆ. ಗಾಡಿಗಳಿಗೆ ಕೆಮ್ಮಣ್ಣು. ತಿನಿಸಿಗೆ ಹಳದಿ. ಬಟ್ಟೆಗೆ ನೀಲಿ. ನಾಟಕ ಕಂಪನಿ ಮುಚ್ಚಿದಾಗ ನನ್ನ ಪಾಲಿಗೆ ಬಂದ ಬಣ್ಣದ ಡಬ್ಬಿಗಳನ್ನೇ ತೆಗೆದಿದ್ದೇನೆ. ಅಂಗಡಿಯ ಬಣ್ಣಕ್ಕೆ ಆ ಮೈ ಎಲ್ಲಿ ಬರಬೇಕು?

ಮಕ್ಕಳು ಚಪ್ಪಾಳೆ ತಟ್ಟಿದರೆ ತಪ್ಪದೇ ಬರೆ. ತಟ್ಟದಿದ್ದರೂ ತಟ್ಟಿದರು ಅಂತಲೇ ಬರೆ.

ನಿನ್ನ ಪರದೆ ಮಾವ


ಜುಲೈ ೬

ಮಾವ! ಮಾವ! ಮಾವ!

ತಟ್ಟಿದರು. ನಿಜವಾಗಿಯೂ ತಟ್ಟಿದರು. ನಿಮ್ಮ ಕುದುರೆಯನ್ನು ಮೇಲೆತ್ತಿ ಹಿಡಿದಾಗ ಇಡೀ ಕೋಣೆ ಹಲ್ಲು ಬಿಟ್ಟು ಕೂತಿತು.

ಆದರೆ ಅದಕ್ಕಿಂತ ದೊಡ್ಡ ಸುದ್ದಿ ಇದೆ. ಬುಟ್ಟಿ ಆಟ ಎಲ್ಲರಿಗೂ ಬಂದುಬಿಟ್ಟಿದೆ! ಹೋದ ವರ್ಷ ಈ ಕೋಣೆಯನ್ನು ನೋಡಿಕೊಂಡ ಟೀಚರು ಇಡೀ ವರ್ಷ ಪಟ್ಟುಹಿಡಿದು ಕಲಿಸಿದ್ದನ್ನು ಇವರು ಒಂದು ವಾರದಲ್ಲಿ ಕಲಿತರು. ಪಟಾಕಿಯಂತೂ ಚಿತ್ರ ಸರಿಯಾಗಿ ನೋಡುವುದೇ ಬೇಡ, ಸರಸರ ಎಸೆಯುತ್ತಾನೆ, ಎಲ್ಲಾ ಸರಿ! ದೊಡ್ಡ ಟೀಚರು ಕಿಟಕಿಯಿಂದ ನೋಡಿ ಒಳಗೇ ಬಂದರು. ಅವರು ಶಾಲೆಯ ಯಜಮಾನಿ, ಹೊಗಳಿಕೆಯನ್ನು ಔಷಧಿಯ ಹಾಗೆ ಹನಿ ಲೆಕ್ಕದಲ್ಲಿ ಕೊಡುವವರು. "ಪರವಾಗಿಲ್ವೇ" ಅಂದರು. ನನಗೆ ಬಿರುದು ಬಂದ ಹಾಗಾಯಿತು.

ಒಬ್ಬಳೇ ಒಬ್ಬಳು ಬಾಕಿ. ಗಪ್‌ಚಿಪ್. ಕಾರ್ಡನ್ನು ಕಣ್ಣಿನ ಹತ್ತಿರ ಹಿಡಿದು ನೋಡುತ್ತಾಳೆ, ನೋಡುತ್ತಲೇ ಇರುತ್ತಾಳೆ, ಕೊನೆಗೆ ಬುಟ್ಟಿಗೇ ಹಾಕದೆ ಶೂ ಕಾರ್ಡನ್ನು ತೆಗೆದು ನಾಯಿಯ ಪಕ್ಕ ನೆಲದ ಮೇಲೆ ಇಡುತ್ತಾಳೆ. ಬಾಳೆಹಣ್ಣು ರೈಲಿನ ಪಕ್ಕ. ತಿದ್ದಿದರೆ ನನ್ನ ಮುಖ ನೋಡುತ್ತಾಳೆ, ಮತ್ತೆ ಹಾಗೇ ಇಡುತ್ತಾಳೆ. ದೊಡ್ಡ ಟೀಚರು ಅದನ್ನೂ ಗಮನಿಸಿದರು. ಸೆಪ್ಟೆಂಬರಿನಲ್ಲಿ ಅವರೇ ಬಂದು ಒಂದೊಂದು ಮಗುವನ್ನೂ ಕೂರಿಸಿಕೊಂಡು ನೋಡುತ್ತಾರೆ. ಬುಟ್ಟಿ ಆಟ ಬಂದವರು ಪಕ್ಕದ ದೊಡ್ಡವರ ಕೋಣೆಗೆ. ಬಾರದವರು ಇನ್ನೊಂದು ವರ್ಷ ನನ್ನ ಹತ್ತಿರ.

ಅಂದರೆ ಅಣ್ಣ ಆ ಕೋಣೆಗೆ, ತಂಗಿ ಈ ಕೋಣೆಗೆ. ಊಟದ ಹೊತ್ತಿಗೆ ಅವನು ಎರಡು ನಿಮಿಷ ಕಣ್ಣಿಗೆ ಕಾಣದಿದ್ದರೆ ಅವಳು ತುತ್ತು ಬಾಯಲ್ಲೇ ಇಟ್ಟುಕೊಂಡು ಕೂರುತ್ತಾಳೆ, ಮಾವ. ಅವಳನ್ನು ಮಧ್ಯಾಹ್ನ ಬೇರೆ ಕೂರಿಸಿಕೊಂಡು ಹೇಳಿಕೊಡುತ್ತಿದ್ದೇನೆ. ಕಲಿಯುತ್ತಾಳೆ. ಕಲಿಯಲೇಬೇಕು.

ನಿಮ್ಮ ಅಕ್ಕನ ಮಗಳು


ಜುಲೈ ೧೫

ಬಿರುದಾಂಕಿತಳೇ!

ನಿನ್ನ ಪತ್ರವನ್ನು ಮೆಟ್ಟಿಲ ಮೇಲೆ ನಿಂತು ಗಟ್ಟಿಯಾಗಿ ಓದಿದೆ. ಮೊದಲ ಭಾಗವನ್ನು ಎರಡು ಸಲ ಓದಿದೆ. ಮನೆಯೊಡತಿ, "ಸರಿ ಸರಿ, ತಟ್ಟಿದ್ರಂತೆ, ಗೊತ್ತಾಯ್ತು, ಮುಂದಕ್ಕೆ ಹೋಗಿ" ಎಂದು ಗದರಿದಳು.

ಆ ಮೌನಿ ಹುಡುಗಿಯ ವಿಷಯ. ನನಗೆ ರೋಗ ಗೊತ್ತಾಯಿತು! ಪರದೆಯ ಬಣ್ಣ ಅವಳಿಗೆ ಸಾಲುತ್ತಿಲ್ಲ. ನಾಟಕದಲ್ಲೂ ಹೀಗೇ, ಹಿಂದೆ ಕೂತವರಿಗೆ ಕಾಡು ಕಾಡಾಗಿ ಕಾಣದಿದ್ದರೆ ಇನ್ನೊಂದು ಕೈ ಹಸಿರು ಬಳಿಯಬೇಕು. ಬಳಿದೆ! ನಾಯಿಯನ್ನೂ ಶೂವನ್ನೂ ಹೊಸದಾಗಿ ಬರೆದು, ಕಣ್ಣು ಕುಕ್ಕುವ ಹಾಗೆ ಬಳಿದು ಇದರೊಂದಿಗೆ ಕಳಿಸಿದ್ದೇನೆ. ಇದನ್ನು ಕಂಡೂ ತಪ್ಪಿದರೆ ನನ್ನ ಹೆಸರು ಬದಲಿಸು.

ಆಮೇಲೆ ಅವಳು ಹೇಗಿದ್ದಾಳೆ ಬರೆ.

ಪರದೆ ಮಾವ


ಆಗಸ್ಟ್ ೩

ಮಾವ,

ಕಾರ್ಡು ಸೇರಿದವು. ಗಪ್‌ಚಿಪ್ ಬಗ್ಗೆ ಕೇಳಿದ್ದಿರಿ. ಚೆನ್ನಾಗಿದ್ದಾಳೆ.

ಇನ್ನೊಂದು ಉಪಕಾರ ಆಗಬೇಕು. ಪರೀಕ್ಷೆಯ ದಿನಕ್ಕೆ ಹೊಸದಾಗಿ ಬರೆದ ಕಾರ್ಡುಗಳೇ ಬೇಕು ಅಂತ ದೊಡ್ಡ ಟೀಚರು ಹೇಳಿದ್ದಾರೆ. ಬೇಗ ಕಳಿಸಿದರೆ ಅಷ್ಟರೊಳಗೆ ನಾನು ಆಡಿಸಿ ನೋಡುತ್ತೇನೆ.

ಅಮ್ಮ ನಿಮ್ಮನ್ನು ಕೇಳಿದಳು.

ನಿಮ್ಮ ಅಕ್ಕನ ಮಗಳು


ಆಗಸ್ಟ್ ೧೯

ಮಾವ, ಕಾರ್ಡು? ನಿಮ್ಮಿಂದ ಒಂದು ಸಾಲೂ ಇಲ್ಲ ಅಂದರೆ ನನಗೆ ಭಯ ಆಗುತ್ತದೆ. ನೀವು ಸುಮ್ಮನಿರುವ ಜಾತಿ ಅಲ್ಲ.


ಆಗಸ್ಟ್ ೨೪

ಅವಸರದ ಅರಸಿಯೇ!

ಮಹಾಕಾರ್ಯಕ್ಕೆ ಸಮಯ ಹಿಡಿಯುತ್ತದೆ. ಈ ಕಟ್ಟನ್ನು ಬಿಚ್ಚುವಾಗ ಕೈ ತೊಳೆದುಕೋ, ಯಾಕೆಂದರೆ ಇದರಲ್ಲಿ ನನ್ನ ಹೊಸ ಶೈಲಿ ಇದೆ! ಪರದೆ ಎಂಬುದನ್ನೇ ಕಿತ್ತು ಹಾಕಿದ್ದೇನೆ. ಬಿಳಿಯ ಬಯಲು! ಬಯಲಲ್ಲಿ ಒಂದು ಬೆಕ್ಕು! ಬಯಲಲ್ಲಿ ಒಂದು ಲಾರಿ! ಹಳೆಯ ನಾಯಿ, ಬಸ್ಸು, ಶೂ, ಮೊಟ್ಟೆಗಳೂ ಮತ್ತೊಮ್ಮೆ ಬಯಲಲ್ಲಿ! ಪಾತ್ರಕ್ಕೆ ತಾಕತ್ತಿದ್ದರೆ ಪರದೆ ಯಾಕೆ ಬೇಕು? ಬಹಳ ದಿನ ಚಿಂತನೆ ಮಾಡಿ ಈ ನಿರ್ಧಾರಕ್ಕೆ ಬಂದೆ. ಪೂರ್ತಿ ಕಲೆಯ ದೃಷ್ಟಿಯಿಂದ ಬಂದ ನಿರ್ಧಾರ, ಬೇರೆ ಕಾರಣವೇನೂ ಇಲ್ಲ.

ನೀನು ಕೇಳದಿದ್ದರೂ ಒಂದು ಕೊಡೆ ಬರೆದಿದ್ದೇನೆ. ಕೊಡೆ ಬರೆಯುವುದೆಂದರೆ ನನಗೆ ಮೊದಲಿನಿಂದ ಆಸೆ.

ಪರದೆ ಮಾವ


ಆಗಸ್ಟ್ ೨೯

ಮಾವ,

ಕೂತು ಓದಿ.

ನಿನ್ನೆ ಹೊಸ ಕಾರ್ಡು ಹರಡಿದೆ. ನಾಲ್ಕು ಬುಟ್ಟಿ ಇಟ್ಟೆ. ಪಟಾಕಿ ಎಂದಿನಂತೆ ಮುಂದೆ ನುಗ್ಗಿ ಬೆಕ್ಕನ್ನು ಎತ್ತಿದ. ಎಸೆಯಲು ಕೈ ಬೀಸಿದವನು ಹಾಗೇ ನಿಂತ. ಕಾರ್ಡು ತಿರುಗಿಸಿದ. ಹಿಂದೆ ನೋಡಿದ. ಮುಂದೆ ನೋಡಿದ. "ಮಿಸ್, ಇದ್ರ ಬಣ್ಣ ಎಲ್ಲಿ?"

"ಬೆಕ್ಕು ಕಂದು ಬಣ್ಣ ಇದೆಯಲ್ಲೋ" ಅಂದೆ.

"ಅದಲ್ಲ ಮಿಸ್. ಬುಟ್ಟಿ ಬಣ್ಣ!"

ಉಳಿದವರೂ ಅಷ್ಟೇ. ಲಾರಿ ತಿನಿಸಿನ ಬುಟ್ಟಿಗೆ, ಬೆಕ್ಕು ಅಂಗಿಯ ಬುಟ್ಟಿಗೆ, ಒಬ್ಬ ಬುಟ್ಟಿಯನ್ನೇ ತಲೆಗೆ ಹಾಕಿಕೊಂಡ. ಮಾವ, ಇಷ್ಟು ದಿನ ಯಾರೂ ನಿಮ್ಮ ಹಸುವನ್ನು ನೋಡೇ ಇಲ್ಲ. ಹಸುವಿನ ಹಿಂದಿನ ಹಸಿರನ್ನು ನೋಡಿದ್ದಾರೆ! ಹಸಿರು ಹಸಿರಿನ ಜೊತೆ, ಹಳದಿ ಹಳದಿಯ ಜೊತೆ. ನಾನು ಅದನ್ನೇ ವಿದ್ಯೆ ಅಂದುಕೊಂಡು ಮೆರೆದೆ. ಪರದೆಗಳ ಬಗ್ಗೆ ನೀವು ಬರೆದೇ ಇದ್ದಿರಿ, ನಾನೂ ಓದಿ ನಕ್ಕು ಮಡಿಸಿಟ್ಟೆ. ಇಬ್ಬರೂ ಸೇರಿ ಕೆಡಿಸಿದೆವು. ನಿಮ್ಮ ಹೊಸ ಶೈಲಿ ಈಗ ಬಾರದೆ ಪರೀಕ್ಷೆಯ ದಿನವೇ ಬಂದಿದ್ದರೆ? ಬಯ್ಯಲೋ ಕಾಲಿಗೆ ಬೀಳಲೋ ತಿಳಿಯುತ್ತಿಲ್ಲ.

ಈಗ ಗಪ್‌ಚಿಪ್. ಅವಳು ಚೆನ್ನಾಗಿದ್ದಾಳೆ ಅಂತ ಬರೆದಿದ್ದೆನಲ್ಲ, ಚೆನ್ನಾಗಿರಲಿಲ್ಲ. ಬುಟ್ಟಿ ತೆಗೆದರೆ ಸಾಕು, ಮೇಜಿನ ಕೆಳಗೆ ಹೋಗಿ ಕೂರುತ್ತಿದ್ದಳು. ನಿನ್ನೆ ಮಾತ್ರ ತಾನಾಗಿ ಹೊರಗೆ ಬಂದಳು. ಎಲ್ಲರೂ ಗಲಿಬಿಲಿಯಾಗಿರುವಾಗ ಅವಳೊಬ್ಬಳಿಗೇ ಏನೂ ಬದಲಾಗಿರಲಿಲ್ಲ. ಕೊಡೆ ಎತ್ತಿದಳು, ನೋಡಿದಳು, ಬಸ್ಸಿನ ಪಕ್ಕ ಇಟ್ಟಳು. ನಾನು ಈ ಸಲ ತಿದ್ದಲಿಲ್ಲ. ಅವಳ ಪಕ್ಕ ನೆಲದ ಮೇಲೆ ಕೂತೆ. ಬಹಳ ಹೊತ್ತಿನ ಮೇಲೆ ಅವಳೇ ಅಂದಳು, "ಅಪ್ಪ ಬಸ್ಸಲ್ಲಿ ಮರ್ತ. ನೆಂದ."

"ಮತ್ತೆ ಶೂ?"

"ನಾಯಿ ಒಯ್ತು."

"ಬಾಳೆಹಣ್ಣು?"

ನನ್ನ ಮುಖವನ್ನು ನೋಡಿದ ರೀತಿ ನೋಡಬೇಕಿತ್ತು, ಇಷ್ಟೂ ಗೊತ್ತಿಲ್ಲವಾ ಅನ್ನುವ ಹಾಗೆ. "ರೈಲಲ್ಲಿ ಹಸಿವಾಗತ್ತೆ."

ಇಡೀ ಕೋಣೆಯಲ್ಲಿ ಚಿತ್ರವನ್ನು ಚಿತ್ರವಾಗಿ ನೋಡಿದವಳು ಇವಳೊಬ್ಬಳೇ. ಅವಳನ್ನೇ ನಾನು ಮಧ್ಯಾಹ್ನ ಬೇರೆ ಕೂರಿಸುತ್ತಿದ್ದೆ. ಆದರೆ ದೊಡ್ಡ ಟೀಚರಿಗೆ ಕಥೆ ಬೇಡ, ಗುಂಪು ಬೇಕು. ನಾಯಿ ಒಯ್ದ ಶೂವನ್ನು ಬಟ್ಟೆಯ ಬುಟ್ಟಿಗೆ ತರುವುದು ಹೇಗೆ? ತಂದರೆ ಕಥೆ ಕೆಡುತ್ತದೆ ಅಂತ ಅವಳು ಬಿಡುವುದಿಲ್ಲ. ಪರೀಕ್ಷೆ ಹತ್ತಿರ ಬಂತು.

ನಿಮ್ಮ ಅಕ್ಕನ ಮಗಳು


ಸೆಪ್ಟೆಂಬರ್ ೩

ಮಗಳೇ,

ಓದಿದೆ. ಕೂತೇ ಓದಿದೆ.

ಮೊದಲು ನನ್ನ ಮುಖವಾಡ ಕಳಚುತ್ತೇನೆ. ಹೊಸ ಶೈಲಿಯೂ ಇಲ್ಲ, ಚಿಂತನೆಯೂ ಇಲ್ಲ. ಪರದೆಗೆ ಬಳಿಯುವ ಬಣ್ಣ ಮುಗಿಯಿತು. ಆ ಹುಡುಗಿಗೆ ಕಾಣಲಿ ಅಂತ ಬಳಿದೆನಲ್ಲ, ಕಂಪನಿಯ ಕೊನೆಯ ಹಸಿರು ಅದು. ಡಬ್ಬಿಯ ತಳ ಕೆರೆದು, ನೀರು ಬೆರೆಸಿ, ಕೊನೆಗೆ ಕೈಬಿಟ್ಟು ಕೂತೆ. ಖಾಲಿ ಡಬ್ಬಿ ಮುಂದಿಟ್ಟುಕೊಂಡು ನಿನಗೆ ಬರೆಯಲು ಮನಸ್ಸಾಗಲಿಲ್ಲ. ಮನೆಯೊಡತಿ ಬಂದು, "ಬಣ್ಣ ಇಲ್ದಿದ್ರೆ ಹಾಗೇ ಬರೀರಿ, ಬೆಕ್ಕು ಬೆಕ್ಕೇ ತಾನೆ?" ಎಂದಳು. ಹೊಸ ಶೈಲಿಯ ಪ್ರವರ್ತಕಿ ಅವಳು.

ಆದರೆ ಅಕ್ಕನ ಮಗಳೇ, ನಾಯಿ ಶೂ ಒಯ್ಯಿತು! ಅಪ್ಪ ಕೊಡೆ ಮರೆತು ನೆಂದ! ಇದು ತಪ್ಪಲ್ಲ, ಇದು ದೃಶ್ಯ! ಆ ಹುಡುಗಿ ನಾಟಕ ಕಟ್ಟುತ್ತಿದ್ದಾಳೆ, ನಾವಿಬ್ಬರೂ ಕೊನೆಯ ಬೆಂಚಿನಲ್ಲಿ ಕೂತು ಪರದೆ ನೋಡುತ್ತಿದ್ದೇವೆ!

ಈಗ ಕೇಳು. ಕಂಪನಿಯಲ್ಲಿ ಆಟ ನಡೆಯುವಾಗ ಕಿರೀಟ ಎಲ್ಲಿರುತ್ತದೆ? ರಾಜನ ತಲೆಯ ಮೇಲೆ. ಕತ್ತಿ? ಅವನ ಸೊಂಟದಲ್ಲಿ. ಹಣ್ಣಿನ ತಟ್ಟೆ? ರಾಣಿಯ ಕೈಯಲ್ಲಿ. ಆಟ ಮುಗಿಯಿತು, ದೀಪ ಆರಿತು. ಆಮೇಲೆ? ಕಿರೀಟ ಕಿರೀಟದ ಪೆಟ್ಟಿಗೆಗೆ, ಕತ್ತಿ ಕತ್ತಿಯ ಪೆಟ್ಟಿಗೆಗೆ. ಹಾಗೆ ಕಟ್ಟಿದಾಗ ರಾಜನ ಕಥೆ ಕೆಟ್ಟಿತು ಅಂತ ಯಾವ ರಾಜನೂ ಅತ್ತಿಲ್ಲ, ಯಾಕೆಂದರೆ ನಾಳೆ ಮತ್ತೆ ಆಟ ಇದೆ. ಅವಳನ್ನು ಮೊದಲು ಆಟ ಆಡಲು ಬಿಡು. ಪೂರ್ತಿ ಆಡಲಿ. ಆಮೇಲೆ, "ಆಟ ಮುಗೀತು, ಎಲ್ಲರೂ ಅವರವರ ಮನೆಗೆ" ಅನ್ನು.

ಫಲಿಸುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಒಮ್ಮೆ ರೋಗ ಗೊತ್ತಾಯಿತು ಅಂತ ಬರೆದು ಬೇಸ್ತು ಬಿದ್ದವನು ನಾನು.

ಮಾವ


ಸೆಪ್ಟೆಂಬರ್ ೨೨

ಮಾವ,

ಇವತ್ತು ಪರೀಕ್ಷೆ ಮುಗಿಯಿತು. ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಕ್ಷಮಿಸಿ.

ನಿಮ್ಮ ಪತ್ರ ಬಂದಾಗಿನಿಂದ ದಿನವೂ ಆಟ ಆಡಿದೆವು. ಗಪ್‌ಚಿಪ್ ಜೋಡಿಸುವುದು, ಉಳಿದವರು ನೋಡುವುದು, ಕೊನೆಗೆ ಎಲ್ಲರೂ ಸೇರಿ ಮನೆಗೆ ಕಳಿಸುವುದು. ಬಣ್ಣ ಇಲ್ಲದ್ದರಿಂದ ಉಳಿದವರಿಗೂ ಚಿತ್ರ ನೋಡದೆ ಗತ್ಯಂತರ ಇರಲಿಲ್ಲ. ಸುಮಾರು ಮಕ್ಕಳು ದಾರಿಗೆ ಬಂದರು. ಗಪ್‌ಚಿಪ್ ಮಾತ್ರ ಕೆಲವು ದಿನ ಕಳಿಸುತ್ತಿದ್ದಳು, ಕೆಲವು ದಿನ ಕಾರ್ಡುಗಳ ಮೇಲೆ ಮಲಗಿಬಿಡುತ್ತಿದ್ದಳು.

ದೊಡ್ಡ ಟೀಚರು ಮಕ್ಕಳ ಕುರ್ಚಿಯ ಮೇಲೆ ಕೂತರು. ಮೊಣಕಾಲು ಗಲ್ಲಕ್ಕೆ ತಾಗುತ್ತಿತ್ತು. ಒಬ್ಬೊಬ್ಬರಾಗಿ ಬಂದು ಹೋದರು. ಗಪ್‌ಚಿಪ್ ಸರದಿ. ಅವರು ಕಾರ್ಡು ಹರಡಿ, "ಹಾಕು ಪುಟ್ಟಾ" ಅಂದರು. ನಾನು ಗೋಡೆಗೆ ಒರಗಿ ನಿಂತಿದ್ದೆ. ಬಾಯಿ ಬಿಡಬಾರದು ಅಂತ ಮೊದಲೇ ಅಪ್ಪಣೆಯಾಗಿತ್ತು.

ಅವಳು ಶೂ ತೆಗೆದಳು. ನಾಯಿಯ ಪಕ್ಕ ಇಟ್ಟಳು. ದೊಡ್ಡ ಟೀಚರ ಕೈ ಪೆನ್ನಿನ ಕಡೆ ಹೋಯಿತು. ಅವಳು ಅವರ ಮುಖ ನೋಡಿ, "ನಾಯಿ ಒಯ್ತು" ಅಂದಳು.

"ಏನು ಒಯ್ತು?"

"ಅಪ್ಪನ ಶೂ. ಅಪ್ಪ ಬಸ್ಸಿಗೆ ಹೋಗ್ಬೇಕು."

"ಅಯ್ಯೋ! ಆಮೇಲೆ?" ಅಂದರು ದೊಡ್ಡ ಟೀಚರು. ಮಾವ, ಆ "ಆಮೇಲೆ" ಅವರು ಟೀಚರಾಗಿ ಕೇಳಿದ್ದಲ್ಲ. ಅಪ್ಪ ಒಂದೇ ಶೂನಲ್ಲಿ ಬಸ್ಸು ಹತ್ತಿದ, ಕೊಡೆ ಮರೆತ, ನೆಂದ, ಬೆಕ್ಕು ಮೊಟ್ಟೆ ಕುಡಿಯಿತು. ಪೆನ್ನು ನೆಲಕ್ಕೆ ಬಿದ್ದದ್ದೂ ಅವರಿಗೆ ಗೊತ್ತಾಗಲಿಲ್ಲ. ಕಥೆ ನಿಂತಿತು. ಇವತ್ತು ಕಾರ್ಡಿನ ಮೇಲೆ ಮಲಗುವ ದಿನವೇನೋ ಅಂದುಕೊಂಡೆ. ಆಗ ಅವಳು ಎರಡು ಕೈಯನ್ನೂ ಮೇಲೆತ್ತಿ ಫಟ್ ಅಂತ ತಟ್ಟಿ, "ಆಟ ಮುಗೀತು!" ಅಂದಳು. ಗೋಡೆಗೆ ಕೇಳಿಸುವ ಹಾಗೆ ಅಂದಳು! ನಾಯಿ ಪ್ರಾಣಿಯ ಬುಟ್ಟಿಗೆ. ಬಸ್ಸು ಗಾಡಿಯ ಬುಟ್ಟಿಗೆ. ಮೊಟ್ಟೆ, ಶೂ, ಲಾರಿ, ಬೆಕ್ಕು, ಎಲ್ಲ ಅವರವರ ಮನೆಗೆ. ಕೊಡೆ ಉಳಿಯಿತು. ನಾಲ್ಕೂ ಬುಟ್ಟಿ ಇಣುಕಿ ನೋಡಿ, ಅದನ್ನು ತಂದು ದೊಡ್ಡ ಟೀಚರ ಕೈಗೆ ಕೊಟ್ಟಳು.

"ಕೊಡೆ ತೊಡೋ ವಸ್ತುವಾ?" ಅಂತ ಅವರು ನನ್ನನ್ನು ಕೇಳಿದರು. "ಹಿಡಿಯೋ ವಸ್ತು ಮೇಡಂ" ಅಂದೆ. "ಹಿಡಿಯೋದಕ್ಕೆ ಬುಟ್ಟಿ ಎಲ್ಲಿ ಇಟ್ಟಿದ್ದೀರಿ?" "ಇಟ್ಟಿಲ್ಲ ಮೇಡಂ." "ಮತ್ತೆ ಆ ಮಗು ಏನು ಮಾಡಬೇಕು?" ಬಯ್ಗುಳ ತಿನ್ನುತ್ತಾ ಇಷ್ಟು ಸಂತೋಷವಾಗಿದ್ದು ಇದೇ ಮೊದಲು.

ಆದರೆ ಪಟಾಕಿ ಎಡವಿದ. ಮಾತಿನ ಭರದಲ್ಲಿ ಎರಡು ಕಾರ್ಡು ಹಾಕಿ, ಉಳಿದದ್ದನ್ನು ಯಾವ ಬುಟ್ಟಿ ಹತ್ತಿರವೋ ಅದಕ್ಕೆ ಸುರಿದು, "ಆಯ್ತು!" ಅಂತ ಎದ್ದ. ದೊಡ್ಡ ಟೀಚರು ನನ್ನನ್ನು ಹೊರಗೆ ಕರೆದು, "ಅವಳು ಆ ಕೋಣೆಗೆ, ಅವನು ಇನ್ನೊಂದು ವರ್ಷ ಇಲ್ಲಿ" ಅಂದರು. ಇಷ್ಟು ದಿನ ಹೆದರಿದ್ದೇ ಆಯಿತು, ಬರೀ ತಿರುಗು ಮುರುಗಾಗಿ. ನಾನು ವಾದ ಮಾಡಿದೆ, ಮಾವ. ನಿಮ್ಮ ಗಂಟಲು ನನಗೆ ಎಲ್ಲಿಂದ ಬಂತೋ, ಕಾರಿಡಾರಿನಲ್ಲಿ ಎಲ್ಲರೂ ತಿರುಗಿ ನೋಡಿದರು. "ಅವನಿಗೆ ತಪ್ಪು ಕಲಿಸಿದ್ದು ನನ್ನ ಕಾರ್ಡು ಮೇಡಂ, ಶಿಕ್ಷೆ ಅವನಿಗೆ ಯಾಕೆ?" ಅಂತ ಬಣ್ಣದ ಕಥೆಯೆಲ್ಲ ಬಿಚ್ಚಿ ಹೇಳಿದೆ.

ಅವರು ಕೋಣೆಯೊಳಗೆ ಇಣುಕಿದರು. ಗಪ್‌ಚಿಪ್ ಅಣ್ಣನನ್ನು ಬುಟ್ಟಿಗಳ ಮುಂದೆ ಕೂರಿಸಿದ್ದಳು. ಅವನು ಲಾರಿಯನ್ನು ತಿನಿಸಿಗೆ ಹಾಕಿದ. ಅವಳು ತೆಗೆದಳು. ಅವನ ಕೈಗೇ ಕೊಟ್ಟಳು. ಮತ್ತೆ ಹಾಕಿದ, ಮತ್ತೆ ತೆಗೆದಳು. "ನೋಡು" ಅಂದಳು, ಅಷ್ಟೇ. ಅವನು ನೋಡಿದ. ಬಾಯಿ ಮುಚ್ಚಿಕೊಂಡು ನೋಡಿದ.

"ಇಬ್ಬರನ್ನೂ ಕಳಿಸಿ" ಅಂದರು ದೊಡ್ಡ ಟೀಚರು. "ಬೇರೆ ಮಾಡಿದರೆ ಅವನಿಗೆ ಟೀಚರು ಸಿಗಲ್ಲ."

ನಿಮ್ಮ ಅಕ್ಕನ ಮಗಳು


ಸೆಪ್ಟೆಂಬರ್ ೨೮

ಮಗಳೇ,

ಓದಿದೆ. ಮೆಟ್ಟಿಲ ಮೇಲೆ ನಿಂತು ಓದಲು ಹೋದೆ, ಅರ್ಧದಲ್ಲಿ ಅಲ್ಲೇ ಕೂತುಬಿಟ್ಟೆ. ಉಳಿದದ್ದನ್ನು ಮನೆಯೊಡತಿಯೇ ಓದಿದಳು. ಚೆನ್ನಾಗಿ ಓದುತ್ತಾಳೆ. ಇಷ್ಟು ವರ್ಷ ಹೇಳಿರಲಿಲ್ಲ.

ಹೊಸ ಕೋಣೆಗೆ ಮಕ್ಕಳು ಹೋದ ದಿನ ಏನಾಯಿತು ಬರೆ.

ಮಾವ


ಅಕ್ಟೋಬರ್ ೫

ಮಾವ,

ಇವತ್ತು ಹೋದರು. ಅಪ್ಪ ಎಂದಿನಂತೆ ಇಬ್ಬರನ್ನೂ ನನ್ನ ಬಾಗಿಲಲ್ಲಿ ಇಳಿಸಿ, ನೆನಪಾಗಿ ಮತ್ತೆ ಎತ್ತಿಕೊಂಡು ಪಕ್ಕದ ಬಾಗಿಲಿಗೆ ನಡೆದ. ನಾನೂ ಹಿಂದೆ ಹೋದೆ. ಕೆಲಸ ಏನೂ ಇರಲಿಲ್ಲ, ಸುಮ್ಮನೆ ಹೋದೆ. ಗಪ್‌ಚಿಪ್ ಅಣ್ಣನ ಚೀಲವನ್ನು ಮೊಳೆಗೆ ಹಾಕಿಸಿದಳು, ಬೂಟನ್ನು ಬೂಟಿನ ಸಾಲಲ್ಲಿ ಇಡಿಸಿದಳು, ಅವನನ್ನು ಚಾಪೆಯ ಮೇಲೆ ಕೂರಿಸಿದಳು. ಅವನು ಆಗಲೇ ಪಕ್ಕದವನಿಗೆ ಕಥೆ ಶುರು ಮಾಡಿದ್ದ.

ನಾನು ಕಿಟಕಿ ಸರಿಮಾಡುವ ನೆಪದಲ್ಲಿ ನಿಂತೇ ಇದ್ದೆ. ಅವಳು ಕೋಣೆಯನ್ನೆಲ್ಲ ಒಂದು ಸುತ್ತು ನೋಡಿದಳು. ಕೊನೆಗೆ ನನ್ನನ್ನು ನೋಡಿದಳು. ನಿಮ್ಮ ಕಾರ್ಡು ನೋಡುತ್ತಿದ್ದಳಲ್ಲ, ಅಷ್ಟು ಹೊತ್ತು ನೋಡಿದಳು. ಆಮೇಲೆ ಎದ್ದು ಬಂದು ನನ್ನ ಕಿರುಬೆರಳು ಹಿಡಿದು ಎಳೆದಳು. ಬಾಗಿಲು ದಾಟಿಸಿದಳು, ಕಾರಿಡಾರು ದಾಟಿಸಿದಳು, ಚಿಕ್ಕವರ ಕೋಣೆಯ ಹೊಸ್ತಿಲಲ್ಲಿ ನಿಲ್ಲಿಸಿ, ಇವತ್ತೇ ಸೇರಿದ, ಮೂಗು ಸೋರುವ ಹೊಸ ಪಡೆಯನ್ನು ತೋರಿಸಿದಳು.

"ಮಿಸ್ ಇಲ್ಲಿ" ಅಂದಳು.

ಬೆರಳು ಬಿಟ್ಟು, ತಿರುಗಿ ನೋಡದೆ ತನ್ನ ಕೋಣೆಗೆ ಹೊರಟಳು. ನಾನು ಒಳಗೆ ಹೋದೆ.